ರಿಪೇರಿ ಅಂಗಡಿಗೆ ಗಿರಾಕಿ ಎಲ್ಲಿಂದ? ಓಎಲ್‌ಎಕ್ಸ್, ಜಸ್ಟ್‌ಡಯಲ್, ಗೂಗಲ್ ಮ್ಯಾಪ್, ವಾಟ್ಸಾಪ್: ಯಾವುದು ಯಾರಿಗೆ

ನನ್ನ ಅಂಗಡಿಯ ಕೌಂಟರ್ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ರಿಪೇರಿಗೆ ಬಂದ ಒಂದೊಂದು ಲ್ಯಾಪ್‌ಟಾಪಿಗೂ ಒಂದು ಸಾಲು. ತಾರೀಕು, ಹೆಸರು, ಮಾಡೆಲ್, ಏನು ತೊಂದರೆ, ಚಾರ್ಜರ್ ಕೊಟ್ಟಿದ್ದಾರಾ ಇಲ್ಲವಾ. (ಈ ಚಾರ್ಜರ್ ಕಾಲಂ ಇಲ್ಲದೆ ಅಂಗಡಿ ನಡೆಸಿ ನೋಡಿ, ಜಗಳ ಗ್ಯಾರಂಟಿ.) ಕೊನೆಯಲ್ಲಿ ಇನ್ನೊಂದು ಕಾಲಂ: "ಹೇಗೆ ಗೊತ್ತಾಯ್ತು?"

ಶುರುವಿನಲ್ಲಿ ಈ ಕಾಲಂ ಇರಲಿಲ್ಲ. ಒಂದು ವರ್ಷ ಜಾಹೀರಾತಿಗೆ ದುಡ್ಡು ಸುರಿದೆ. ಗಿರಾಕಿ ಬಂದದ್ದು ಅದರಿಂದಲೋ, ಎದುರುಗಡೆ ಬೇಕರಿಯವರು ಕೈ ತೋರಿಸಿದ್ದರಿಂದಲೋ ಗೊತ್ತೇ ಆಗಲಿಲ್ಲ. ಆಮೇಲೆ ಸ್ಕೇಲ್ ಹಿಡಿದು ಗೀಟು ಎಳೆದೆ. ಈಗ ಯಾರೇ ಬಂದರೂ ಹೆಸರು ಬರೆದುಕೊಳ್ಳುವಾಗಲೇ ಸುಮ್ನೆ ಕೇಳುತ್ತೇನೆ, "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು ಸರ್?" ಈ ಬರಹದಲ್ಲಿರುವುದು ಹೆಚ್ಚುಕಮ್ಮಿ ಆ ಕಾಲಂ ಕಲಿಸಿದ ಪಾಠ.

ಅಂಗಡಿ ಮೈಸೂರಿನಲ್ಲಿ, ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ. ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗರು ಆಗಾಗ ಬಂದು ಕೂರುತ್ತಾರೆ. ಅವರ ಮೊದಲ ಪ್ರಶ್ನೆ ಒಂದೇ: "ಅಣ್ಣ, ಆನ್‌ಲೈನಲ್ಲಿ ಎಲ್ಲಿ ಆಡ್ ಹಾಕಿದ್ರೆ ಜಾಸ್ತಿ ಕಾಲ್ ಬರುತ್ತೆ?" ಕಾಲ್ ಬೇಕಾದಷ್ಟು ಬರುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ "ಫಾರ್ಮ್ಯಾಟ್‌ಗೆ ಎಷ್ಟು" ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿದರೂ, ಶಟರ್ ಎಳೆಯುವಾಗ ಗಲ್ಲಾದಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಎಲ್ಲಿ ಎಷ್ಟು ಕಾಲ್ ಅಂತ ಹೋಲಿಸಬೇಡಿ. ಎಲ್ಲಿಂದ ಬಂದವರು ಲ್ಯಾಪ್‌ಟಾಪ್ ತಂದು ಟೇಬಲ್ ಮೇಲೆ ಇಡುತ್ತಾರೆ, ಅದನ್ನು ನೋಡಿ.

ಯಾರು ಎಲ್ಲಿ ಹುಡುಕುತ್ತಾರೆ

ಮೊದಲು ಮೈಸೂರಿನಲ್ಲಿ ಇದು ಸುಲಭ ಇತ್ತು. 1978ರಿಂದ ಬರುತ್ತಿರುವ ಸಂಜೆ ಪೇಪರ್ ಸ್ಟಾರ್ ಆಫ್ ಮೈಸೂರು, ಅದರ ಕ್ಲಾಸಿಫೈಡ್ಸ್. ಬಾಡಿಗೆ ಮನೆ, ಟ್ಯೂಷನ್, ನಾಯಿಮರಿ, ಕಂಪ್ಯೂಟರ್ ರಿಪೇರಿ, ಎಲ್ಲ ಒಂದೇ ಪುಟದಲ್ಲಿ. ನಾಲ್ಕು ಗೆರೆಯೊಳಗೆ ಮಾತು ಮುಗಿಸಬೇಕು, ಮಾತು ಜಾಸ್ತಿಯಾದರೆ ದುಡ್ಡೂ ಜಾಸ್ತಿ. ಅದಕ್ಕೇ ಜನ ಬೇಕಾದದ್ದನ್ನಷ್ಟೇ ಬರೆಯುತ್ತಿದ್ದರು. ಆನ್‌ಲೈನಿನಲ್ಲಿ ಆ ಕಡಿವಾಣ ಇಲ್ಲ. ಅದರ ಕಷ್ಟ ಮುಂದೆ ಹೇಳುತ್ತೇನೆ.

ಈಗ ಗಿರಾಕಿಗಳಲ್ಲಿ ಮೂರು ಥರ. ಮೊದಲನೆಯವರು ಲ್ಯಾಪ್‌ಟಾಪ್ ಇವತ್ತೇ ಸತ್ತವರು. ನಾಳೆ ಪ್ರಾಜೆಕ್ಟ್ ಕೊಡಬೇಕಾದ ವಿದ್ಯಾರ್ಥಿ, 20ನೇ ತಾರೀಕು ಜಿಎಸ್‌ಟಿ ರಿಟರ್ನ್ ಹಾಕಬೇಕಾದ ಅಕೌಂಟೆಂಟ್. ಇವರಿಗೆ ಪುರುಸೊತ್ತಿಲ್ಲ. ಫೋನ್ ತೆಗೆದು "ಲ್ಯಾಪ್‌ಟಾಪ್ ರಿಪೇರಿ ನಿಯರ್ ಮಿ" ಅಂತ ಹುಡುಕಿ, ಮೇಲೆ ಬಂದ ಮೂರು ಅಂಗಡಿಗಳಲ್ಲಿ ಒಂದಕ್ಕೆ ಫೋನ್ ಮಾಡುತ್ತಾರೆ.

ಎರಡನೆಯವರು ಯೋಚನೆ ಮಾಡುವವರು. ಲ್ಯಾಪ್‌ಟಾಪ್ ಸ್ಲೋ ಆಗಿದೆ, ರಿಪೇರಿ ಮಾಡಿಸೋದಾ, ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಹೊಸದೇ ತಗೊಳ್ಳೋದಾ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ರಾತ್ರಿ ಊಟ ಆದಮೇಲೆ ಓಎಲ್‌ಎಕ್ಸ್ ತಿರುವಿ ಹಾಕುವುದು ಇವರೇ.

ಮೂರನೆಯದು ಆಫೀಸು, ಶಾಲೆ, ಕ್ಲಿನಿಕ್. ಇವರಿಗೆ ಬೇಕಾದದ್ದು ವರ್ಷದ ಒಪ್ಪಂದ, ಅಂದರೆ ಎಎಂಸಿ. ಜೊತೆಗೆ ಬಿಲ್ ಬೇಕು, ಮೂರು ಕೊಟೇಶನ್ ಬೇಕು. ಸಾಮಾನ್ಯವಾಗಿ ಇವರು ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾರೆ, ಇಲ್ಲದಿದ್ದರೆ ಡೈರೆಕ್ಟರಿ ನೋಡುತ್ತಾರೆ.

ಈ ಮೂವರಲ್ಲಿ ನಿಮಗೆ ಯಾರು ಬೇಕು ಅಂತ ತೀರ್ಮಾನಿಸದೆ ಎಲ್ಲ ಕಡೆ ಒಂದೇ ಜಾಹೀರಾತು ಅಂಟಿಸಿದರೆ, ನನ್ನ ಮೊದಲ ವರ್ಷದ ಕಥೆ ನಿಮ್ಮದೂ ಆಗುತ್ತದೆ.

ಗೂಗಲ್ ಮ್ಯಾಪ್: ಕ್ಲಾಸಿಫೈಡ್ ಅಲ್ಲ, ಆದರೂ ಮೊದಲ ಕೆಲಸ ಇದೇ

ಮ್ಯಾಪಿನಲ್ಲಿ ಅಂಗಡಿ ಕಾಣಿಸುವಂತೆ ಮಾಡುವ ಗೂಗಲ್ ಬ್ಯುಸಿನೆಸ್ ಪ್ರೊಫೈಲ್ ಪುಕ್ಕಟೆ. ಮೊದಲು ಇದಕ್ಕೆ ಗೂಗಲ್ ಮೈ ಬ್ಯುಸಿನೆಸ್ ಅಂತ ಹೆಸರಿತ್ತು, 2021ರಲ್ಲಿ ಬದಲಾಯಿತು. ಇಲ್ಲಿ ಯಾರು ಮೇಲೆ ಬರಬೇಕು ಅನ್ನೋದಕ್ಕೆ ಗೂಗಲ್ ಹೇಳುವ ಕಾರಣ ಮೂರು. ಹುಡುಕಿದ ವಿಷಯಕ್ಕೂ ನಿಮಗೂ ಸಂಬಂಧ ಇದೆಯಾ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಹೆಸರು ಮಾಡಿದ್ದೀರಿ. ನಡುವಿನದೇ ನಮ್ಮಂಥವರಿಗೆ ವರ. ಕುವೆಂಪುನಗರದಲ್ಲಿ ನಿಂತು ಹುಡುಕಿದವರಿಗೆ ದೇವರಾಜ ಅರಸು ರಸ್ತೆಯ ದೊಡ್ಡ ಶೋರೂಮಿಗಿಂತ ಮೊದಲು ನನ್ನ ಸಣ್ಣ ಅಂಗಡಿ ಕಾಣಿಸಬಹುದು.

ವೆರಿಫಿಕೇಶನ್‌ಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ನಾನು ಮಾಡಿದ್ದು ಹೀಗೆ: ರಸ್ತೆಯ ಹೆಸರಿನ ಬೋರ್ಡಿನಿಂದ ಶುರು ಮಾಡಿದೆ. ಪಕ್ಕದ ಅಂಗಡಿ, ನನ್ನ ಬೋರ್ಡು, ಆಮೇಲೆ ಬೀಗ ತೆಗೆದು ಶಟರ್ ಎತ್ತಿ ಒಳಗೆ ಹೋಗುವುದು, ಸೋಲ್ಡರಿಂಗ್ ಸ್ಟೇಶನ್, ಬಿಚ್ಚಿಟ್ಟ ಒಂದು ಲ್ಯಾಪ್‌ಟಾಪ್. ಎಲ್ಲ ಒಂದೇ ಉಸಿರಿನಲ್ಲಿ, ನಡುವೆ ನಿಲ್ಲಿಸದೆ. ಬೀಗ ತೆಗೆಯುವುದನ್ನು ತೋರಿಸುವುದು ಯಾಕೆ ಅಂದರೆ, ಆ ಜಾಗ ನಿಮ್ಮ ಕೈಯಲ್ಲಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಅಂಗಡಿ ಇಲ್ಲ, ಬೈಕಿನಲ್ಲಿ ಮನೆಮನೆಗೆ ಹೋಗಿ ರಿಪೇರಿ ಮಾಡುತ್ತೀರಾ? ಆಗಲೂ ಪ್ರೊಫೈಲ್ ಮಾಡಬಹುದು. ಮನೆ ವಿಳಾಸ ಮುಚ್ಚಿಟ್ಟು ಯಾವ ಯಾವ ಬಡಾವಣೆಗೆ ಹೋಗುತ್ತೀರಿ ಅಂತ ಮಾತ್ರ ಹಾಕಬಹುದು, 20 ಪ್ರದೇಶದವರೆಗೆ. 20 ಸಿಗುತ್ತದೆ ಅಂತ ನಂಜನಗೂಡು, ಶ್ರೀರಂಗಪಟ್ಟಣ ಎಲ್ಲ ಸೇರಿಸಬೇಡಿ. ನಂಜನಗೂಡಿನಿಂದ ಒಂದು ಮೌಸ್ ಹಾಳಾಗಿದೆ ಅಂತ ಫೋನ್ ಬಂದಾಗ ಗೊತ್ತಾಗುತ್ತದೆ.

ಎರಡು ತಪ್ಪು ತುಂಬ ಜನ ಮಾಡುತ್ತಾರೆ. ಅಂಗಡಿ ಹೆಸರಿನ ಜೊತೆಗೆ "ಬೆಸ್ಟ್ ಲ್ಯಾಪ್‌ಟಾಪ್ ರಿಪೇರಿ ಇನ್ ಮೈಸೂರು" ಅಂತ ಬಾಲ ಸೇರಿಸುವುದು ಒಂದು. ಬೋರ್ಡಿನಲ್ಲಿ ಇರುವ ಹೆಸರೇ ಇರಬೇಕು ಅನ್ನೋದು ನಿಯಮ, ಮುರಿದರೆ ಪ್ರೊಫೈಲ್ ಅಮಾನತಾಗಬಹುದು. ಇನ್ನೊಂದು, "ಫೈವ್ ಸ್ಟಾರ್ ಕೊಡಿ, 50 ರೂಪಾಯಿ ಕಡಿಮೆ ಮಾಡ್ತೀನಿ" ಅನ್ನೋದು. ಅದಕ್ಕೂ ಅವಕಾಶ ಇಲ್ಲ. ಕೆಲಸ ಮುಗಿದು, ಗಿರಾಕಿಯ ಮುಂದೆ ಲ್ಯಾಪ್‌ಟಾಪ್ ಆನ್ ಆಗಿ, ಅವರ ಮುಖ ಅರಳಿದ ಕ್ಷಣದಲ್ಲಿ ಕೇಳಿ. ಅದೇ ಮುಹೂರ್ತ. ಮನೆಗೆ ಹೋದಮೇಲೆ ಯಾರೂ ಬರೆಯುವುದಿಲ್ಲ.

"ಗೂಗಲ್‌ನಲ್ಲಿ ದುಡ್ಡು ಕೊಟ್ಟು ಆಡ್ ಹಾಕಿದ್ರೆ ಇನ್ನೂ ಬೇಗ ಅಲ್ವಾ?" ಅಂತ ಕೇಳುತ್ತಾರೆ. ನಮ್ಮ ಕಸುಬಿಗೆ ಅಲ್ಲೊಂದು ತೊಡಕಿದೆ. ಪರದೆ ಮೇಲೆ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಅಂತ ಹೆದರಿಸಿ ದುಡ್ಡು ಕೀಳುವ ದಂಧೆ ಜಗತ್ತಿನಾದ್ಯಂತ ಬೆಳೆದಿತ್ತು. ಅದಕ್ಕಾಗಿ ಮೈಕ್ರೋಸಾಫ್ಟಿನ ಬಿಂಗ್ 2016ರಲ್ಲಿ, ಗೂಗಲ್ 2018ರಲ್ಲಿ, ತಯಾರಿಸಿದ ಕಂಪನಿಯಲ್ಲದ ಹೊರಗಿನವರು ಕೊಡುವ ಟೆಕ್ನಿಕಲ್ ಸಪೋರ್ಟ್ ಜಾಹೀರಾತಿಗೆ ಬಾಗಿಲು ಮುಚ್ಚಿದವು. ಸುಳ್ಳರ ಜೊತೆ ನಾವೂ ಸಿಕ್ಕಿಹಾಕಿಕೊಂಡೆವು. ಆಡ್ ಕೊಡಿಸುತ್ತೇನೆ ಅಂತ ಏಜೆಂಟ್ ಬಂದರೆ, ಮುಂಗಡ ಕೊಡುವ ಮೊದಲು ಇದನ್ನು ಕೇಳಿ. ಮ್ಯಾಪಿನ ಪುಕ್ಕಟೆ ಪ್ರೊಫೈಲಿಗೆ ಈ ತೊಡಕಿಲ್ಲ.

ಜಸ್ಟ್‌ಡಯಲ್, ಸುಲೇಖಾ: ಲೀಡಿನ ಲೆಕ್ಕ

ಜಸ್ಟ್‌ಡಯಲ್ 1996ರಲ್ಲಿ ಫೋನ್ ಮಾಡಿ ವಿಚಾರಿಸುವ ಸೇವೆಯಾಗಿ ಶುರುವಾಯಿತು. ಎಂಟು ಎಂಟಾಗಿ ಒತ್ತುತ್ತಾ ಹೋಗುವ ಆ ನಂಬರ್ ನೆನಪಿರಬೇಕು. 2021ರಲ್ಲಿ ರಿಲಯನ್ಸ್ ರೀಟೇಲ್ ಅದರ ದೊಡ್ಡ ಪಾಲು ಕೊಂಡಿತು. ಸುಲೇಖಾ ಚೆನ್ನೈನದು. ಇವೆರಡೂ ನಿಜವಾದ ಅರ್ಥದಲ್ಲಿ ಕ್ಲಾಸಿಫೈಡ್ ಅಲ್ಲ. ಗಿರಾಕಿ ಬಂದು "ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆ, ವಿಜಯನಗರ" ಅಂತ ಹಾಕುತ್ತಾನೆ. ಆ ವಿವರ, ಅಂದರೆ ಲೀಡ್, ದುಡ್ಡು ಕಟ್ಟಿದ ಅಂಗಡಿಗಳಿಗೆ ಹೋಗುತ್ತದೆ. ನಿಮಗೊಬ್ಬರಿಗೇ ಅಲ್ಲ, ಮೂರು ನಾಲ್ಕು ಜನಕ್ಕೆ. ಯಾರು ಮೊದಲು ಫೋನ್ ಮಾಡುತ್ತಾರೋ ಅವರದ್ದು ಅರ್ಧ ಗೆಲುವು. ಪುಕ್ಕಟೆ ಲಿಸ್ಟಿಂಗ್ ಕೂಡ ಇದೆ, ಆದರೆ ದುಡ್ಡು ಕಟ್ಟಿದವರ ಕೆಳಗೆ.

ಇದು ಲಾಭವೋ ನಷ್ಟವೋ ಅಂತ ವಾದ ಮಾಡುವ ಬದಲು ಕಾಗದ ತಗೊಳ್ಳಿ. ಉದಾಹರಣೆಗೆ ಒಂದು ಲೀಡಿಗೆ 60 ರೂಪಾಯಿ ಅಂತಿಟ್ಟುಕೊಳ್ಳೋಣ. ನಿಜವಾದ ರೇಟ್ ಊರಿಗೊಂದು, ಪ್ಯಾಕೇಜಿಗೊಂದು. ತಿಂಗಳಿಗೆ 50 ಲೀಡ್ ಬಂದರೆ 3,000. ಅದರಲ್ಲಿ 20 ಜನ ಫೋನ್ ಎತ್ತಲ್ಲ, ಇಲ್ಲವೇ "ಆಗಲೇ ಕೊಟ್ಟಾಯ್ತು" ಅನ್ನುತ್ತಾರೆ. ಇನ್ನು 15 ಜನ ರೇಟ್ ಕೇಳಿ ಇಟ್ಟುಬಿಡುತ್ತಾರೆ. ಉಳಿದ 15ರಲ್ಲಿ 10 ಕೆಲಸ ಕೈಗೆ ಬಂತು ಅಂದುಕೊಳ್ಳಿ. ಅಂದರೆ ಒಂದು ಕೆಲಸಕ್ಕೆ 300 ರೂಪಾಯಿ ಜಾಹೀರಾತಿಗೇ ಹೋಯಿತು.

ಈಗ ಕೆಲಸ ಯಾವುದು ಅಂತ ನೋಡಿ. 500 ರೂಪಾಯಿಯ ಫಾರ್ಮ್ಯಾಟ್ ಆದರೆ, 300 ಕಳೆದು, ಪೆಟ್ರೋಲ್ 50 ಕಳೆದು, ಎರಡು ಗಂಟೆ ಕೂತದ್ದಕ್ಕೆ 150 ಉಳಿಯಿತು. ಮದರ್‌ಬೋರ್ಡ್ ಚಿಪ್ ಲೆವೆಲ್ ಕೆಲಸ (ಬೋರ್ಡಿನ ಮೇಲಿನ ಚಿಪ್ಪನ್ನೇ ಸರಿಮಾಡುವುದು), 3,500 ರೂಪಾಯಿಯದು ಆದರೆ, 300 ಲೆಕ್ಕಕ್ಕೇ ಇಲ್ಲ. ಹಾಗಾಗಿ ಚಿಪ್ ಲೆವೆಲ್ ಗೊತ್ತಿದ್ದವರಿಗೆ, ಡೇಟಾ ರಿಕವರಿ ಮಾಡುವವರಿಗೆ ಲೀಡ್ ಕೊಳ್ಳುವುದು ಸರಿಹೋಗಬಹುದು. ಬರೀ ಓಎಸ್ ಹಾಕುವವರಿಗೆ ಸರಿಹೋಗಲ್ಲ.

ನನ್ನ ಅನುಭವ ಒಂದು ಹೇಳಿಬಿಡುತ್ತೇನೆ, ಕಂಪನಿ ಹೆಸರು ಬೇಡ. ಟೈ ಕಟ್ಟಿಕೊಂಡ ಹುಡುಗ ಬಂದ, ನೀರು ಕುಡಿದ, ಅರ್ಧ ಗಂಟೆ ಮಾತಾಡಿ ವರ್ಷದ ಪ್ಯಾಕೇಜಿಗೆ ಸಹಿ ಹಾಕಿಸಿಕೊಂಡ. ತಿಂಗಳು ತಿಂಗಳು ಬ್ಯಾಂಕಿನಿಂದ ತಾನೇ ಕಡಿತ. ಬಂದ ಲೀಡುಗಳಲ್ಲಿ ಪ್ರಿಂಟರ್ ಟೋನರ್ ತುಂಬಿಸುವವರು, ಬೆಂಗಳೂರಿನ ಯಲಹಂಕದವರು, ಕಂಪ್ಯೂಟರ್ ಕ್ಲಾಸ್ ಹುಡುಕುವವರು. ನಿಲ್ಲಿಸಿ ಅಂತ ನಾನು ಫೋನ್ ಮಾಡಿದಾಗ ಆ ಹುಡುಗ ಕೆಲಸ ಬಿಟ್ಟಿದ್ದ. ಕಡಿತ ಮಾತ್ರ ಬಿಟ್ಟಿರಲಿಲ್ಲ. ಕೊನೆಗೆ ಬ್ಯಾಂಕಿಗೇ ಹೋಗಿ ಮ್ಯಾಂಡೇಟ್, ಅಂದರೆ ಕಡಿತಕ್ಕೆ ಕೊಟ್ಟ ಒಪ್ಪಿಗೆ, ರದ್ದು ಮಾಡಿಸಿದೆ. ಅದು ನಿಮ್ಮ ಖಾತೆ, ನೀವು ಹೇಳಿದರೆ ಬ್ಯಾಂಕು ನಿಲ್ಲಿಸಲೇಬೇಕು. ಸಹಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ: ಒಂದು ಲೀಡ್ ಎಷ್ಟು ಜನಕ್ಕೆ ಹೋಗುತ್ತೆ, ತಪ್ಪು ಲೀಡಿಗೆ ದುಡ್ಡು ವಾಪಸಾ, ನಿಲ್ಲಿಸೋದು ಹೇಗೆ. ಬರೆದು ಕೊಡಲ್ಲ ಅಂದರೆ ಕಾಫಿ ಕುಡಿಸಿ ಕಳಿಸಿ.

ಎಎಂಸಿ ಬೇಕಾದವರು ಇಂಡಿಯಾಮಾರ್ಟ್ ಕಡೆಯೂ ಒಂದು ಕಣ್ಣು ಇಡಬಹುದು. ಅಲ್ಲಿ ಬರುವವರು ಹೆಚ್ಚಾಗಿ ಕಂಪನಿಗಳವರು. ಆದರೆ ಅವರು ಜಿಎಸ್‌ಟಿ ಬಿಲ್ ಕೇಳುತ್ತಾರೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಇಲ್ಲ, ಆದರೆ ಆಫೀಸುಗಳನ್ನೇ ಹಿಡಿಯಬೇಕು ಅಂತಿದ್ದರೆ ಆಡಿಟರ್ ಹತ್ತಿರ ಒಮ್ಮೆ ಮಾತಾಡಿ. ಇನ್ನೊಂದು ಮಾತು: ನಮ್ಮ ಯುಪಿಐಗೆ ಬರುವ ದುಡ್ಡಿನಲ್ಲಿ ಬಿಡಿಭಾಗದ ದುಡ್ಡೂ ಸೇರಿರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ ಭಾಗಗಳ ಬಿಲ್ಲನ್ನು ಎತ್ತಿಡಿ.

ಓಎಲ್‌ಎಕ್ಸ್, ಕ್ವಿಕರ್: ರಿಪೇರಿ ಮಾರಬೇಡಿ, ಲ್ಯಾಪ್‌ಟಾಪ್ ಮಾರಿ

ಆನ್‌ಲೈನ್ ಕ್ಲಾಸಿಫೈಡ್ ಅಂದರೆ ಎಲ್ಲರ ಬಾಯಲ್ಲಿ ಬರುವುದು ಇವೆರಡೇ. ಓಎಲ್‌ಎಕ್ಸ್ 2006ರಲ್ಲಿ ಹುಟ್ಟಿದ್ದು. ಕ್ವಿಕರ್ 2008ರದು. ಓಎಲ್‌ಎಕ್ಸ್‌ನಲ್ಲಿ ಸೇವೆಗಳಿಗೆ ಅಂತ ವಿಭಾಗ ಇದೆ, ಎಲೆಕ್ಟ್ರಾನಿಕ್ಸ್ ರಿಪೇರಿ ಅದರೊಳಗೆ ಬರುತ್ತದೆ. ಕೆಲವು ಜಾಹೀರಾತು ಪುಕ್ಕಟೆ, ಮಿತಿ ದಾಟಿದರೆ ಪ್ಯಾಕೇಜ್. ಹಾಕಿದ ದಿನ ಮೇಲಿರುತ್ತದೆ, ಹೊಸದು ಬಂದಂತೆ ಕೆಳಗಿಳಿಯುತ್ತಾ ಹೋಗುತ್ತದೆ.

ನಾನು "ಎಲ್ಲ ಥರದ ಕಂಪ್ಯೂಟರ್ ರಿಪೇರಿ ಮಾಡಲಾಗುವುದು" ಅಂತ ಅಲ್ಲಿ ಎಷ್ಟೋ ಸಲ ಹಾಕಿದೆ. ಬಂದ ಫೋನುಗಳಲ್ಲಿ ಅರ್ಧ, ನನಗೇ ಏನೋ ಮಾರುವವರದ್ದು. ವೆಬ್‌ಸೈಟ್ ಮಾಡಿಕೊಡ್ತೀವಿ, ಲೋನ್ ಬೇಕಾ, ಹೀಗೆ. ಕಾರಣ ಯೋಚನೆ ಮಾಡಿದರೆ ಸರಳ. ಲ್ಯಾಪ್‌ಟಾಪ್ ಕೆಟ್ಟವನು ಓಎಲ್‌ಎಕ್ಸ್‌ಗೆ ಹೋಗಲ್ಲ. ಅಲ್ಲಿಗೆ ಹೋಗುವುದು ಕೊಳ್ಳುವವನು, ಮಾರುವವನು.

ಹಾಗಾದರೆ ಕೊಳ್ಳುವವನಿಗೇ ಏನಾದರೂ ಕೊಡೋಣ ಅಂತ, ರಿಪೇರಿ ಜಾಹೀರಾತು ತೆಗೆದು ಲ್ಯಾಪ್‌ಟಾಪ್ ಹಾಕಿದೆ. ಆಫೀಸುಗಳು ಹೊರಗೆ ಹಾಕಿದ ಹಳೆಯ ಬ್ಯುಸಿನೆಸ್ ಮಾಡೆಲ್‌ಗಳನ್ನು ತಂದು, ಧೂಳು ಊದಿ, ಥರ್ಮಲ್ ಪೇಸ್ಟ್ ಬದಲಿಸಿ, ವೇಗದ ಡಿಸ್ಕ್ (ಎಸ್‌ಎಸ್‌ಡಿ) ಹಾಕಿ, ಒಂದೊಂದಾಗಿ ಫೋಟೋ ತೆಗೆದು ಮಾರುವುದು. ಒಂದರಲ್ಲಿ ಸಿಗುವ ಲಾಭ ದೊಡ್ಡದಲ್ಲ. ಆದರೆ ನೋಡಲು ಬಂದವನು ಅಂಗಡಿ ನೋಡುತ್ತಾನೆ. ಟೇಬಲ್ ಮೇಲೆ ಬಿಚ್ಚಿಟ್ಟ ಬೋರ್ಡು, ಸಾಲಾಗಿ ಕಾಂತದ ಮ್ಯಾಟ್ ಮೇಲೆ ಜೋಡಿಸಿದ ಸ್ಕ್ರೂ ನೋಡುತ್ತಾನೆ. "ನಮ್ಮನೇಲಿ ಇನ್ನೊಂದು ಲ್ಯಾಪ್‌ಟಾಪ್ ಇದೆ, ಹಿಂಜ್ ಮುರಿದಿದೆ, ಅದೂ ಮಾಡ್ತೀರಾ?" ಅನ್ನುತ್ತಾನೆ. (ಹಿಂಜ್ ಅಂದರೆ ಪರದೆ ಮಡಚುವ ಕೀಲು.) ಎಷ್ಟೋ ಸಲ ಲ್ಯಾಪ್‌ಟಾಪ್ ಮಾರಾಟವಾಗಲ್ಲ, ಹಿಂಜ್ ಕೆಲಸ ಸಿಗುತ್ತದೆ. ನನ್ನ ಪುಸ್ತಕದ ಕೊನೆಯ ಕಾಲಂನಲ್ಲಿ "ಓಎಲ್‌ಎಕ್ಸ್" ಅಂತ ಇರುವ ರಿಪೇರಿಗಳೆಲ್ಲ ಹೆಚ್ಚುಕಮ್ಮಿ ಹೀಗೆ ಬಂದವೇ.

ಇದಕ್ಕೆ ಈಗ ಒಳ್ಳೆ ಕಾಲವೂ ಹೌದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ 8ನೇ ಪೀಳಿಗೆಯ ಪ್ರೊಸೆಸರ್‌ನಿಂದ ಮೇಲಿನದು ಇರಬೇಕು. "ನಂದು ಅಪ್‌ಡೇಟ್ ಆಗುತ್ತಾ ಇಲ್ವಾ?" ಅನ್ನೋದು ಈಗ ಮನೆಮನೆಯ ಪ್ರಶ್ನೆ. "ಹಳೇ ಲ್ಯಾಪ್‌ಟಾಪ್ ತನ್ನಿ, ವಿಂಡೋಸ್ 11 ಆಗುತ್ತಾ ಅಂತ ಪುಕ್ಕಟೆ ನೋಡಿ ಹೇಳ್ತೀವಿ" ಅಂತ ಒಂದು ಸಾಲು ಹಾಕಿ ನೋಡಿ.

ಕ್ಲಾಸಿಫೈಡ್ ಸೈಟಿನ ಕತ್ತಲೆ ಮುಖವೂ ಗೊತ್ತಿರಲಿ. "ನಾನು ಆರ್ಮಿಯಲ್ಲಿದ್ದೀನಿ, ಟ್ರಾನ್ಸ್‌ಫರ್ ಆಗಿದೆ, ನೋಡೋಕೆ ಬರೋಕಾಗಲ್ಲ, ಈಗಲೇ ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ." ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮ್ಮ ದುಡ್ಡೇ ಹೋಗುತ್ತದೆ. ದುಡ್ಡು ಬರುವುದಕ್ಕೆ ಪಿನ್ ಹಾಕುವ ಅಗತ್ಯವೇ ಇಲ್ಲ. ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನು ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಬಿಲ್ ಕೇಳಿ, ಮಾರುವವನ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಕಳವು ಮಾಲು ಅಂತ ಪೊಲೀಸರು ಬಂದಾಗ "ಓಎಲ್‌ಎಕ್ಸ್‌ನಲ್ಲಿ ತಗೊಂಡೆ" ಅನ್ನೋದು ಉತ್ತರ ಆಗಲ್ಲ. ಮಾರುವ ಮೊದಲು ಡಿಸ್ಕ್ ಪೂರ್ತಿ ಅಳಿಸಿ, ಹಿಂದಿನವರ ಮನೆ ಫೋಟೋ ಮುಂದಿನವರಿಗೆ ಹೋಗಬಾರದು.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಕೂಡ ಇದೇ ಜಾತಿ. ವಸ್ತು ಮಾರುವ ಜಾಗ, ಸೇವೆ ಮಾರುವ ಜಾಗ ಅಲ್ಲ. ಲ್ಯಾಪ್‌ಟಾಪ್ ಹಾಕಿ, ಕೆಲಸ ತಾನೇ ಬರುತ್ತದೆ.

ವಾಟ್ಸಾಪ್ ಗುಂಪು

ಅಪಾರ್ಟ್‌ಮೆಂಟ್ ಗುಂಪು, ಬಡಾವಣೆ ಗುಂಪು, ಶಾಲೆಯ ಪೋಷಕರ ಗುಂಪು. ಇಲ್ಲಿ ನೀವೇ ಜಾಹೀರಾತು ಹಾಕಿದರೆ ಅಡ್ಮಿನ್ ತೆಗೆದು ಹಾಕುತ್ತಾರೆ. ನಿಮ್ಮ ಗಿರಾಕಿಯೊಬ್ಬರು "ಇವರು ಚೆನ್ನಾಗಿ ಮಾಡ್ತಾರೆ" ಅಂತ ನಂಬರ್ ಹಾಕಿದರೆ ಒಂದು ವಾರ ಕೆಲಸ. ಅದಕ್ಕೆ ಬೇಕಾದ ತಯಾರಿ ಇಷ್ಟೇ: ವಾಟ್ಸಾಪ್ ಬ್ಯುಸಿನೆಸ್ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ. ಅಂಗಡಿ ಸಮಯ, ಮ್ಯಾಪ್ ಲಿಂಕ್, ನಾಲ್ಕು ಕೆಲಸದ ದರ ಕ್ಯಾಟಲಾಗಿನಲ್ಲಿ ಇರಲಿ. ಹಂಚುವವರಿಗೆ ಸುಲಭ ಆಗಬೇಕು.

ಜಾಹೀರಾತಿನ ಮಾತು

ಮೂರ್ನಾಲ್ಕು ಗೆರೆಯ ಪೇಪರ್ ಜಾಹೀರಾತಿನ ಕಾಲ ಹೋಯಿತು ಅಂದೆನಲ್ಲ. ಈಗ ಬರೆಯುವುದು ಹೀಗಿರುತ್ತದೆ, ನಾನೂ ಹೀಗೇ ಬರೆದಿದ್ದೆ:

"ಆಲ್ ಟೈಪ್ಸ್ ಆಫ್ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಪ್ರಿಂಟರ್ ಸಿಸಿಟಿವಿ ಸೇಲ್ಸ್ ಅಂಡ್ ಸರ್ವೀಸ್, ಲೋ ಕಾಸ್ಟ್, 100% ಸ್ಯಾಟಿಸ್‌ಫ್ಯಾಕ್ಷನ್, ಕಾಲ್ ನೌ!!!"

ಇದನ್ನು ಓದಿದವನಿಗೆ ನೀವು ಎಲ್ಲಿದ್ದೀರಿ ಅಂತಲೂ ಗೊತ್ತಾಗಲ್ಲ. ಎಲ್ಲ ಮಾಡುತ್ತೇನೆ ಅನ್ನುವವನು ತನ್ನ ತೊಂದರೆಯನ್ನು ಮಾಡಬಲ್ಲನಾ ಅಂತಲೂ ಗೊತ್ತಾಗಲ್ಲ. ಈಗ ನಾನು ಒಂದು ಜಾಹೀರಾತಿಗೆ ಒಂದೇ ತೊಂದರೆ ಇಟ್ಟುಕೊಳ್ಳುತ್ತೇನೆ:

"ಲ್ಯಾಪ್‌ಟಾಪ್ ಹಿಂಜ್ ಮುರಿದಿದೆಯಾ? ಬಾಡಿ ಪೂರ್ತಿ ಬದಲಿಸದೆ ಸರಿ ಆಗುತ್ತಾ ಅಂತ ಮೊದಲು ನೋಡುತ್ತೇವೆ. ಕುವೆಂಪುನಗರದಲ್ಲಿ ಅಂಗಡಿ, ತಂದರೆ ನೋಡುವುದಕ್ಕೆ ದುಡ್ಡಿಲ್ಲ. ಮನೆಗೆ ಬರಬೇಕಾದರೆ 250 ರೂ., ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಬೆಳಗ್ಗೆ 10ರಿಂದ ರಾತ್ರಿ 8. ಭಾನುವಾರ ರಜೆ."

ಮನೆಗೆ ಬರುವ 250ನ್ನು ಮೊದಲೇ ಹೇಳಿದ್ದರಿಂದ ಫೋನ್ ಕಡಿಮೆಯಾಯಿತು. ಕಡಿಮೆಯಾಗಲಿ. ಹಿಂದೆ ಮೂರನೇ ಮಹಡಿ ಹತ್ತಿ, ಸಡಿಲವಾದ ಪವರ್ ಕೇಬಲ್ ಸಿಕ್ಕಿಸಿ, "ಇಷ್ಟಕ್ಕೂ ದುಡ್ಡಾ?" ಅನ್ನಿಸಿಕೊಂಡು ಇಳಿದು ಬರುತ್ತಿದ್ದೆ. ಈಗ ಆ ಮಾತು ಬರಲ್ಲ.

ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಮಾತ್ರ ಜಾಹೀರಾತಿನಲ್ಲಿ ಹಾಕಬೇಡಿ. ಈ ವಾರದ ರೇಟ್ ಮುಂದಿನ ವಾರ ಇರಲ್ಲ. ಫೋಟೋ ನಿಮ್ಮ ಟೇಬಲಿನದೇ ಇರಲಿ, ಎಲ್ಲಿಂದಲೋ ತಂದ ನೀಲಿ ಬಣ್ಣದ ಫೋಟೋ ಬೇಡ. ಭಾಷೆ ಎರಡೂ ಇರಲಿ. ಹುಡುಕುವವರು ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ, ಆದರೆ ಓದಿ ಫೋನ್ ಮಾಡುವ ಹಿರಿಯರು ಕನ್ನಡದ ಸಾಲಿಗೆ ಕರಗುತ್ತಾರೆ.

ಇನ್ನು ಆ ಫೋನ್. ಬಹುಪಾಲು ಹೀಗೇ ಶುರುವಾಗುತ್ತದೆ:

"ಹಲೋ, ಫಾರ್ಮ್ಯಾಟ್‌ಗೆ ಎಷ್ಟು?"

"ಏನಾಗ್ತಿದೆ ಸರ್, ಯಾಕೆ ಫಾರ್ಮ್ಯಾಟ್ ಮಾಡಿಸ್ಬೇಕು ಅಂತಿದೀರಾ?"

"ತುಂಬಾ ಸ್ಲೋ ಕಣ್ರೀ."

"ಯಾವ ವರ್ಷದ್ದು?"

"ಮಗಳು ಪಿಯುಸಿಲಿದ್ದಾಗ ತಗೊಂಡಿದ್ದು. ಈಗ ಅವಳ ಇಂಜಿನಿಯರಿಂಗೇ ಮುಗೀತು."

ಅಂದರೆ ಐದಾರು ವರ್ಷ. ಒಳಗೆ ಹಳೆಯ ಹಾರ್ಡ್ ಡಿಸ್ಕೇ ಇರಬೇಕು. ಫಾರ್ಮ್ಯಾಟ್ ಮಾಡಿದರೆ ಸ್ವಲ್ಪ ದಿನ ಚುರುಕು, ಆಮೇಲೆ ಮತ್ತೆ ಅದೇ ಗೋಳು. "500" ಅಂತ ಹೇಳಿ ಇಟ್ಟಿದ್ದರೆ ಅವರು ಮುಂದಿನ ಅಂಗಡಿಗೆ ಫೋನ್ ಮಾಡುತ್ತಿದ್ದರು, ಅವನು 400 ಅನ್ನುತ್ತಿದ್ದ. "ಒಂದ್ಸಲ ತನ್ನಿ ಸರ್, ಡಿಸ್ಕ್ ಸಮಸ್ಯೆ ಇರಬಹುದು, ಹತ್ತು ನಿಮಿಷದಲ್ಲಿ ನೋಡಿ ಹೇಳ್ತೀನಿ" ಅಂದರೆ ಬರುತ್ತಾರೆ. ಎಲ್ಲರೂ ಬರಲ್ಲ. ಬಂದವರು ಉಳಿಯುತ್ತಾರೆ.

ಹಾಗಾದರೆ ಯಾವುದು?

ಅಂಗಡಿ ಇದ್ದರೆ ಮ್ಯಾಪ್ ಮೊದಲು, ಓಎಲ್‌ಎಕ್ಸ್‌ನಲ್ಲಿ ಯಾವಾಗಲೂ ಒಂದೆರಡು ಲ್ಯಾಪ್‌ಟಾಪ್. ಲೀಡಿಗೆ ದುಡ್ಡು ಹಾಕುವ ಮುನ್ನ ಆರು ತಿಂಗಳು ಹೀಗೆ ನಡೆಸಿ ನೋಡಿ. ಅಂಗಡಿ ಇಲ್ಲದೆ ಬೈಕಿನಲ್ಲಿ ಓಡಾಡುವವರಾದರೆ, ಮ್ಯಾಪಿನಲ್ಲಿ ನಾಲ್ಕೇ ಬಡಾವಣೆ ಹಾಕಿ, ಆ ನಾಲ್ಕರ ವಾಟ್ಸಾಪ್ ಗುಂಪುಗಳಲ್ಲಿ ನಿಮ್ಮ ಹೆಸರು ಓಡಾಡುವಂತೆ ನೋಡಿಕೊಳ್ಳಿ. ಚಿಪ್ ಲೆವೆಲ್ ಕೈಚಳಕ ಇದ್ದು, ಊರಿಗೆ ಹೊಸಬರಾಗಿದ್ದು, ಯಾರೂ ಪರಿಚಯ ಇಲ್ಲ ಅಂದರೆ ಮಾತ್ರ ಲೀಡ್ ಕೊಳ್ಳಿ. ಅದೂ ಸಿಗುವುದರಲ್ಲಿ ಅತಿ ಚಿಕ್ಕ ಪ್ಯಾಕೇಜ್. ಪುಸ್ತಕದಲ್ಲಿ ಆ ಕೊನೆಯ ಕಾಲಂ ಮೊದಲ ದಿನದಿಂದಲೇ ಇರಲಿ.

ಎಲ್ಲೆಲ್ಲಿ ಏನೇನು ಹಾಕಿದ್ದೀರಿ ಅಂತಲೂ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ, ಪಾಸ್‌ವರ್ಡ್ ಯಾವ ನಂಬರಿಗೆ ಸೇರಿದೆ ಅನ್ನೋದರ ಸಮೇತ. ನಾನು ಬರೆದಿಟ್ಟಿರಲಿಲ್ಲ. ಹೋದ ಆಷಾಢದಲ್ಲಿ ಸರಸ್ವತಿಪುರಂನಿಂದ ಒಬ್ಬರು ಅಮ್ಮ ಆಟೋದಲ್ಲಿ ಡೆಸ್ಕ್‌ಟಾಪ್ ಸಿಪಿಯು ಹೊತ್ತು ತಂದರು. ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ. ಫಾರ್ಮ್ಯಾಟ್ ಮಾಡಿ ಕೊಟ್ಟು 500 ಅಂದೆ. "250 ಅಂತ ನೀನೇ ಹಾಕಿದೀಯಲ್ಲಪ್ಪ" ಅಂತ ಫೋನ್ ತೋರಿಸಿದರು. ಹೌದು, ನಾನೇ ಹಾಕಿದ್ದು. 2017ರಲ್ಲಿ, ನಾನು ಹೆಸರೇ ಮರೆತಿದ್ದ ಒಂದು ಸಣ್ಣ ಕ್ಲಾಸಿಫೈಡ್ ಸೈಟಿನಲ್ಲಿ. ಆ ಖಾತೆ ಸೇರಿದ್ದ ಸಿಮ್ ಕಳೆದು ಎಷ್ಟೋ ಕಾಲವಾಗಿದೆ, ಈಗ ತೆಗೆಯುವ ದಾರಿಯೂ ಇಲ್ಲ.

250 ತಗೊಂಡು, ಗಂಟು ಮತ್ತೆ ಕಟ್ಟಿಕೊಟ್ಟು, ಸಿಪಿಯು ಆಟೋದಲ್ಲಿ ಇಟ್ಟು ಬಂದೆ. ಕೊನೆಯ ಕಾಲಂನಲ್ಲಿ ಬರೆದದ್ದು: "ಹಳೇ ಆಡ್, 2017."